ಸಿಂಧೂರದ ಭಟ್ಟಿಯ ಗಂಡಸರು

"ಬಾಯಿ ತೆಗಿಯಪ್ಪ."

ಅಂಜನಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಭಟ್ಟಿಯ ಮುಂದಿನಿಂದ ಎದ್ದು ಬಂದಿದ್ದ ಅವನ ರೆಪ್ಪೆಯ ಮೇಲೆ, ಕಿವಿಯ ಮಡಿಕೆಯಲ್ಲಿ, ಉಗುರಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ಹುಡಿ ಕೂತಿತ್ತು.

"ಬಾಯಿ ಯಾಕೆ ಸಾಮಿ? ಕದ್ದ ಮಾಲು ಬಾಯಾಗೆ ಮಡೀಕಂಡಿವ್ನಾ?"

"ತೆಗಿ ಅಂದ್ರೆ ತೆಗಿ."

ಇನ್ಸ್‌ಪೆಕ್ಟರ್ ನಾಗಲಿಂಗಯ್ಯ ಅವನ ಕೆಳದುಟಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಎಳೆದು, ಮುಖವನ್ನು ಬಿಸಿಲಿಗೆ ತಿರುಗಿಸಿದರು. ಹಲ್ಲೂ ವಸಡೂ ಕೂಡುವ ಕಡೆ, ಶಾಯಿಯಲ್ಲಿ ಗೀಟೆಳೆದ ಹಾಗೆ, ಕಪ್ಪು ನೀಲಿಯ ಸಣ್ಣ ಗೆರೆ.

ಮುಂದಿನವನ ಬಾಯಲ್ಲೂ ಅದೇ ಗೆರೆ. ಅವನ ಪಕ್ಕದವನ ಬಾಯಲ್ಲೂ. ಭಟ್ಟಿಯಲ್ಲಿದ್ದ ಒಂಬತ್ತು ಜನರಲ್ಲಿ ಎಂಟು ಜನಕ್ಕೆ ಗೆರೆಯಿತ್ತು. ಒಂಬತ್ತನೆಯವನು ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ.

ಇದೇ ಭಟ್ಟಿಯಲ್ಲಿ ಒಂಬತ್ತು ವರ್ಷ ದುಡಿದಿದ್ದ ಪಾಲಪ್ಪ ಹೊಟ್ಟೆನೋವಿನಿಂದ ಹೊರಳಾಡಿ ಸತ್ತು ಅವತ್ತಿಗೆ ಹತ್ತೊಂಬತ್ತು ದಿನ. ದೇಹದಲ್ಲಿ ಸೀಸದ ವಿಷವಿದೆ ಎಂದು ಬೆಂಗಳೂರಿನಿಂದ ವರದಿ ಬಂದ ದಿನವೇ, ಅನ್ನ ಹಾಕಿದವಳು ಅವಳಲ್ಲವೇ ಎಂದು ಪಾಲಪ್ಪನ ಹೆಂಡತಿ ಚಿಕ್ಕಕ್ಕನನ್ನು ಹಿಡಿದು ಬಂದೀಖಾನೆಗೆ ಕಳಿಸಿದ್ದವರು ನಾಗಲಿಂಗಯ್ಯನವರೇ.

ಆಸ್ಪತ್ರೆಯ ಡಾಕ್ಟರು ಈಗ ಎರಡು ಕೆಲಸ ಹೇಳಿ ಕಳಿಸಿದ್ದರು. ಒಂದು, ಭಟ್ಟಿಯವರ ಬಾಯಿ ನೋಡಬೇಕು. ಎರಡನೆಯದು ಕೇಳುವುದಕ್ಕೆ ನಾಗಲಿಂಗಯ್ಯನವರಿಗೆ ನಾಚಿಕೆಯಾಯಿತು. ಆದರೂ ಕೇಳಿದರು.

"ಮಕ್ಕಳೆಷ್ಟು ನಿಂಗೆ?"

ಅಂಜನಪ್ಪ ನೆಲ ನೋಡಿದ. "ಒಂದು ಹೆಣ್ಣು ಮಗ ಐತೆ ಸಾಮಿ. ಆಗ ಹೊಲದಾಗೆ ಗೇಯ್ತಿದ್ದೆ. ಭಟ್ಟಿಗೆ ಬಂದ ಮ್ಯಾಕೆ ಮೂರು ಸಲ ಬಸುರು ನಿಂತ್ಕಂತು, ಮೂರೂ ಓಯ್ತು. ಆಮ್ಯಾಕೆ ಅದೂ ಇಲ್ಲ."

"ಹೆಂಡತಿಗೆ ಔಷಧಿ ಕೊಡಿಸಿದೆಯಾ?"

"ಯಾವ ಔಸದಿ? ನಾಗರಕಲ್ಲು ಸುತ್ತಿದ್ಲು. ನಮ್ಮವ್ವ ಬೈದ್ಲು. ನಾನು ಒದ್ದೆ. ತಿರ್ಗಾ ಸುತ್ತಿದ್ಲು."

ಯಾರೂ ನಗಲಿಲ್ಲ. ಉಳಿದವರ ಕತೆಯೂ ಹೆಚ್ಚು ಕಡಿಮೆ ಅದೇ. ಒಬ್ಬನ ಹೆಂಡತಿ ತವರು ಸೇರಿದ್ದಳು, ಒಬ್ಬ ಎರಡನೆಯದು ಮಾಡಿಕೊಂಡಿದ್ದ, ಆಕೆಗೂ ಇಲ್ಲ. ಎಲ್ಲರಿಗಿಂತ ದೊಡ್ಡವನಾದ ಪೆದ್ದಣ್ಣ ಮಾತ್ರ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಹೇಳಿದ: "ನಂದು ಗಂಡಸ್ತನಾನೇ ಒಂಟೋಯ್ತು ಸಾಮಿ. ಮೂವತ್ತೈದಕ್ಕೇ. ಯಾರ್ತಾವ ಏಳ್ಕಳಾದು?"

ಅವನ ಬಲಗೈ ಮಣಿಕಟ್ಟಿನಲ್ಲಿ ಕೆಳಕ್ಕೆ ಜೋತುಬಿದ್ದಿತ್ತು. ಎತ್ತಲು ನೋಡಿದ. ಅದು ಮೇಲೇಳಲಿಲ್ಲ.

ಅವರ ಹಿಂದೆ ಭಟ್ಟಿ ಉರಿಯುತ್ತಿತ್ತು. ಕರಗಿದ ಸೀಸವನ್ನು ಉದ್ದನೆ ಕಬ್ಬಿಣದ ಸೌಟಿನಿಂದ ತಿರುವಿ ತಿರುವಿ ಹುರಿದರೆ ಅದು ಮೊದಲು ಹಳದಿಗೆ, ಆಮೇಲೆ ಕೆಂಪಿಗೆ ತಿರುಗಿ ಸಿಂಧೂರವಾಗುತ್ತದೆ. ಕಬ್ಬಿಣದ ಗೇಟಿಗೆ ಬಳಿಯುವುದು ಅದನ್ನೇ, ಊರ ಬಾಗಿಲ ಹನುಮಂತರಾಯನಿಗೆ ಹಚ್ಚುವುದೂ ಅದನ್ನೇ. ಕೊರಟಗೆರೆ ದಾರಿಯಲ್ಲಿ ಹೋಗುವವರು ಈ ಶೆಡ್ಡು ಬಂದರೆ ಮೂಗಿಗೆ ಬಟ್ಟೆ ಅಡ್ಡ ಹಿಡಿಯುತ್ತಿದ್ದರು. ಒಳಗಿನವರು ಅಲ್ಲೇ ಕೂತು, ಆ ಕೈಯಲ್ಲೇ ಮುದ್ದೆ ಮುರಿಯುತ್ತಿದ್ದರು.

"ಪಾಲಪ್ಪ ಸಾಯೋ ಮುಂಚೆ ಇಲ್ಲಿಗೆ ಬಂದಿದ್ದನಾ?"

ಎಲ್ಲರೂ ಅಂಜನಪ್ಪನ ಕಡೆ ನೋಡಿದರು.

"ಬಂದಿದ್ದ," ಎಂದ ಅವನು. "ಹೋದ ವರ್ಸ ಕೈ ಸೋತೋಯ್ತು ಅಂತ ಕೆಲಸ ಬುಟ್ಟು, ಎಂಡ್ತಿ ಕರ್ಕಂಡು ನಾಗಲಮಡಿಕೆ ತಾವ ಅವ್ನ ಅಕ್ಕನ ಊರಿಗೆ ಓಗಿದ್ನಲ್ಲ. ಅನ್ನೊಂದು ತಿಂಗ್ಳಾದ್ ಮ್ಯಾಕೆ ವಾಪಸ್ ಬಂದು, ಬಂದ ಸ್ವಾಮಾರ್ವೇ ಇಲ್ಲಿಗೆ ಬಂದ. 'ಲೇ, ದೋಸ ಎಂಗಸ್ರುದಲ್ಲ ಕಣ್ರಲಾ, ಈ ಕೆಂಪು ದೂಳಿಂದು. ನಾನು ಬುಟ್ಟೆ, ಆರೇ ತಿಂಗ್ಳಿಗೆ ಚಿಕ್ಕಕ್ಕನಿಗೆ ನಿಂತ್ಕಂತು. ನೀವೂ ಬುಡ್ರಲಾ' ಅಂದ."

"ನೀವೇನಂದಿರಿ?"

ಅಂಜನಪ್ಪ ಉಗುರಿನ ಸಂದಿಯ ಹುಡಿ ಕೆದಕಿದ. "ನಕ್ಕುಬುಟ್ವಿ ಸಾಮಿ. ಯಾರ್ದೋ ಬಸುರು ಎಂಡ್ತಿ ಒಟ್ಟೆಯಾಗೈತೆ, ಇವ್ನು ಇಲ್ಲಿ ಬಂದು ನಮ್ಗೆ ಪುರಾಣ ಏಳ್ತಾವ್ನೆ ಅಂತ. ಅಂಗಂದಿದ್ದು ನಾನೇಯ."

"ಆಮೇಲೆ?"

"'ನಗ್ರಿ, ನಗ್ರಿ. ಭಟ್ಟಿ ಸಾವ್ಕಾರ್ರಿಗೂ ಏಳ್ಬುಟ್ಟೇ ಓಗ್ತೀನಿ' ಅಂದು ಅವರ ಮನೆ ಕಡೆ ಓದ."

ನಾಗಲಿಂಗಯ್ಯ ಅವನ ಹತ್ತಿರಕ್ಕೆ ಬಂದರು. ಈ ಮಾತು ಕೇಸಿನ ಕಾಗದದಲ್ಲಿ ಎಲ್ಲೂ ಇರಲಿಲ್ಲ.

"ಇದನ್ನ ಮೊದಲೇ ಯಾಕೋ ಹೇಳಲಿಲ್ಲ?"

"ನೀವು ಕೇಳ್ನಿಲ್ವಲ್ಲ ಸಾಮಿ."

*

"ಎಂಟು ಜನಕ್ಕೆ ಗೆರೆ," ಎಂದರು ನಾಗಲಿಂಗಯ್ಯ, ಮಧುಗಿರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರುತ್ತ. "ಭಟ್ಟಿಗೆ ಸೇರಿದ ಮೇಲೆ ಬದುಕಿ ಉಳಿದ ಮಗು ಒಂದೂ ಇಲ್ಲ."

ಡಾಕ್ಟರ್ ಅಸ್ಗರ್ ಸಿರಾದವರು. ಎತ್ತರದ ಆಳು, ಮೆಲ್ಲನೆ ಮಾತು. ಕೈ ಒರೆಸಿಕೊಂಡು ಎದುರಿಗೆ ಕೂತರು.

"ವಿಲಾಯ್ತಿಯಲ್ಲಿ ಐವತ್ತು ಅರವತ್ತು ವರ್ಷದ ಹಿಂದೆಯೇ ಇದನ್ನ ಬರೆದಿಟ್ಟಿದ್ದಾರೆ, ನಾಗಲಿಂಗಯ್ಯನೋರೆ. ಗಂಡ ಸೀಸದ ಕೆಲಸ ಮಾಡ್ತಾನೆ. ಹೆಂಡತಿ ಕಾರ್ಖಾನೆಯ ಬಾಗಿಲೂ ನೋಡಿರಲ್ಲ. ಆದ್ರೂ ಅವಳ ಬಸಿರು ಇಳಿದುಹೋಗ್ತದೆ, ಇಲ್ಲವೇ ನಿಲ್ಲೋದೇ ಇಲ್ಲ. ಯಾಕೆ? ಸೀಸ ಗಂಡಸಿನ ರಕ್ತಕ್ಕೆ ಸೇರಿ ಬೀಜವನ್ನೇ ಕೆಡಿಸ್ತದೆ. ನಾವು ಮಾತ್ರ ಹೆಂಗಸಿನ ನಾಡಿ ಹಿಡಿದು ಕೂತಿರ್ತೀವಿ."

"ಹಾಗಾದ್ರೆ ಪಾಲಪ್ಪನ ಮೈಯಲ್ಲಿದ್ದ ಸೀಸ ಭಟ್ಟಿಯದೇ. ಚಿಕ್ಕಕ್ಕ ವಿಷ ಹಾಕಿಲ್ಲ!"

"ಅಷ್ಟು ಬೇಗ ನಿರಾಳ ಆಗಬೇಡಿ. ನಾನು ಈ ಮಾತು ಕೋರ್ಟಲ್ಲಿ ಹೇಳ್ತೀನಿ ಅಂತಿಟ್ಕೊಳ್ಳಿ. ಸರ್ಕಾರಿ ವಕೀಲರು ಎದ್ದು ಏನಂತಾರೆ? ಗಂಡನಿಗೆ ಮಕ್ಕಳಾಗೋಲ್ಲ ಅಂತ ಡಾಕ್ಟರೇ ಹೇಳ್ತಿದ್ದಾರೆ, ಹೆಂಡತಿ ಐದು ತಿಂಗಳ ಬಸುರಿ, ಕೊಲ್ಲೋದಕ್ಕೆ ಇನ್ನೇನು ಕಾರಣ ಬೇಕು ಅಂತಾರೆ."

ನಾಗಲಿಂಗಯ್ಯ ತಲೆಯ ಮೇಲಿನ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮೂವತ್ತಾರನೇ ಇಸವಿಯ ಮಾರ್ಚಿಯ ಬಿಸಿಲು ಬಾಗಿಲ ತನಕ ಬಂದಿತ್ತು.

"ಆದರೆ ಅವನು ಹನ್ನೊಂದು ತಿಂಗಳು ಭಟ್ಟಿಯಿಂದ ದೂರ ಇದ್ದ."

ಡಾಕ್ಟರ್ ತಲೆಯೆತ್ತಿದರು. "ಹನ್ನೊಂದು? ಇದನ್ನ ನನಗೆ ಯಾರೂ ಹೇಳಲಿಲ್ಲ." ಎದ್ದು ಎರಡು ಹೆಜ್ಜೆ ನಡೆದರು. "ದೂರ ಇದ್ದರೆ ಕೆಲವರಿಗೆ ಚೇತರಿಸ್ತದೆ. ಎಲ್ಲರಿಗೂ ಅಂತ ಬರೆದು ಕೊಡಲಾರೆ, ಕೆಲವರಿಗೆ ಮಾತ್ರ. ಪಾಲಪ್ಪನ ವಸಡಿನ ಗೆರೆ ಬಿಲ್ಕುಲ್ ಮಾಸಿಹೋಗಿತ್ತು, ಹುಡುಕಿ ನೋಡಬೇಕಾಯ್ತು. ಆ ಮಗು ಅವನದೇ ಇರಬಹುದು. ಯಾಕಿರಬಾರದು?"

ಹೇಳಿ ಮುಗಿಸಿದವರೇ ಬೆಂಗಳೂರಿನ ವರದಿಯನ್ನು ಮತ್ತೆ ಎತ್ತಿಕೊಂಡರು. ಓದುತ್ತ ಓದುತ್ತ ಮುಖ ಗಂಭೀರವಾಯಿತು.

"ಹಳೇ ಸೀಸ ಮೂಳೆಯಲ್ಲಿ ಕೂತಿರ್ತದೆ. ಇಲ್ಲಿ ನೋಡಿ. ಹೊಟ್ಟೆ, ಕರುಳು. ತುಂಬಾ ಸೀಸ. ಹನ್ನೊಂದು ತಿಂಗಳು ಭಟ್ಟಿ ಮುಟ್ಟದವನ ಹೊಟ್ಟೆಯಲ್ಲಿ ಇಷ್ಟೊಂದು ಹೇಗೆ ಬಂತು? ಮೊದಲೇ ಸೀಸದಿಂದ ಸೋತಿದ್ದ ಮೈ. ಸಾಯೋಕೆ ಎರಡು ಮೂರು ದಿನ ಮುಂಚೆ ಯಾರೋ ತಿನ್ನಿಸಿದ್ದಾರೆ, ನಾಗಲಿಂಗಯ್ಯನೋರೆ. ಇದು ಕೊಲೆಯೇ. ಅದರಲ್ಲಿ ನನಗೆ ಅನುಮಾನ ಇಲ್ಲ."

*

ತಾಲ್ಲೂಕು ಬಂದೀಖಾನೆಯ ಹೆಂಗಸರ ಕೋಣೆಯಲ್ಲಿ ಚಿಕ್ಕಕ್ಕ ಗೋಡೆಗೊರಗಿ ಕೂತಿದ್ದಳು. ಇನ್ಸ್‌ಪೆಕ್ಟರನ್ನು ಕಂಡು ಎದ್ದು ನಿಲ್ಲಲು ಹೋದಳು.

"ಕೂತ್ಕೊಳಮ್ಮ," ಎಂದರು ಅವರು.

ಹೆಣ ಎತ್ತುವ ದಿನ ಇವರು ಹೀಗೆ ಮಾತಾಡಿರಲಿಲ್ಲ. ಊರಿನ ಐವತ್ತು ಜನ ನಿಂತಿದ್ದಾಗ, "ಮೊದಲು ಹೊಟ್ಟೆಯಲ್ಲಿರೋದು ಯಾರದು ಹೇಳು" ಎಂದು ಕೇಳಿದ್ದರು. ಜನ ಕಿಸಕ್ಕನೆ ನಕ್ಕಿದ್ದರು. ಭಟ್ಟಿಗೆ ಹೋಗಿ ಬಂದಾಗಿನಿಂದ ಆ ನಗು ನಾಗಲಿಂಗಯ್ಯನವರ ಕಿವಿಯಲ್ಲಿತ್ತು.

"ಸೋಮವಾರ ನಿನ್ನ ಗಂಡ ಭಟ್ಟಿ ಸಾಹುಕಾರರು ವೆಂಕಟರಾಮಯ್ಯನವರ ಮನೆಗೆ ಹೋಗಿದ್ದನಾ?"

"ಹೋಗಿದ್ದ. ಹೊತ್ತು ಇಳಿದ ಮ್ಯಾಲೆ ಬಂದ. ಸಾವ್ಕಾರ್ರು ಊರಾಗಿಲ್ಲ, ಆದ್ರೂ ಒಳಗಿನೋರು ಎಲ್ಲಾ ಕೇಳಿಸ್ಕಂಡ್ರು ಅಂದ. ಖುಷಿಯಾಗಿದ್ದ ಆಯಪ್ಪ."

"ಮನೆಗೆ ಬಂದು ಏನು ಉಂಡ?"

"ಏನೂ ಇಲ್ಲ. ಮುದ್ದೆ ಇಕ್ಕಾಕೆ ಹೋದ್ರೆ, ಬ್ಯಾಡ ಕಣೇ, ಹೊಟ್ಟೆ ತುಂಬೈತೆ ಅಂದ. ಬೆಳಗಾಗೋದ್ರಾಗೆ ನೋವು ಸುರುವಾಯ್ತು."

"ಅಲ್ಲಿ ಏನು ತಿಂದ ಅಂತ ಹೇಳಿದನಾ?"

"ನಾನು ಕೇಳ್ಲಿಲ್ಲ. ಕೇಳಬೇಕಾಗಿತ್ತು."

ನಾಗಲಿಂಗಯ್ಯ ಹೊರಡಲು ತಿರುಗಿದರು.

"ಸಾಮಿ, ಆವತ್ತು ಅಷ್ಟು ಜನದ ಮುಂದೆ ಒಂದು ಮಾತು ಕೇಳಿದ್ರಿ."

"ಅದಕ್ಕೆ ಉತ್ತರ ಬೇಡಮ್ಮ."

"ಬ್ಯಾಡದಿದ್ರೂ ಕೇಳ್ರಿ. ಇದು ಆಯಪ್ಪಂದೇ. ನಿಂತೈತೆ ಅಂತ ತಿಳಿದ ದಿನ, ಹತ್ತು ವರ್ಸ ಹೊಡೆದಿದ್ದಕ್ಕೆಲ್ಲಾ ನನ್ನ ಕಾಲು ಹಿಡ್ಕಂಡು ಅತ್ತ. ಅದನ್ನೇ ಎಲ್ಲಾರ್ಗೂ ಹೇಳ್ತೀನಿ ಅಂತ ಈ ಊರಿಗೆ ಬಂದ. ನಾನೇ ಬ್ಯಾಡ ಅಂದಿದ್ದೆ."

ನಾಗಲಿಂಗಯ್ಯನವರಿಗೆ ಅವಳ ಮುಖ ನೋಡಲಾಗಲಿಲ್ಲ.

*

ವೆಂಕಟರಾಮಯ್ಯನವರ ಮನೆ ಕೋಟೆ ಬೀದಿಯ ತುದಿಯಲ್ಲಿತ್ತು. ಮಧ್ಯಾಹ್ನದ ಊಟ ಮುಗಿದ ಸಮಯ. ಪಡಸಾಲೆಯಲ್ಲಿ ಚಾಪೆ ಹಾಸಿ, ಕಂಬದ ಬುಡದಲ್ಲಿ ಸಾಹುಕಾರರ ತಾಯಿ ಕೊಲ್ಲಾಪುರಮ್ಮ ಹುಣಿಸೆಹಣ್ಣನ್ನು ಕಲ್ಲಿನಿಂದ ಜಜ್ಜಿ ಬೀಜ ಬಿಡಿಸುತ್ತಿದ್ದರು. ಮೂರು ವರ್ಷದ ಮೊಮ್ಮಗ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದ.

"ಬನ್ನಿ ಸಾಹೇಬರೆ," ಎಂದು ವೆಂಕಟರಾಮಯ್ಯ ಎದ್ದು ನಿಂತರು. ನಲವತ್ತೈದರ ಆಸುಪಾಸು, ತುಂಬು ಮೀಸೆ. "ಪಾಲಪ್ಪನ ವಿಷಯ ತಾನೇ? ಪಾಪ, ಒಳ್ಳೆ ಕೆಲಸಗಾರ. ಅವನು ನಮ್ಮನೆಗೆ ಬಂದ ದಿನ ನಾನಿರಲಿಲ್ಲ. ಸಿರಾಕ್ಕೆ ಹೋಗಿದ್ದೆ, ಅಕ್ಬರ್ ಸಾಹೇಬರ ಹತ್ರ ಹಳೇ ಸೀಸ ತರೋಕೆ. ಮಾರನೇ ದಿನ ಸಾಯಂಕಾಲ ಬಂದದ್ದು."

"ಗೊತ್ತು. ಅಕ್ಬರ್ ಸಾಹೇಬರನ್ನೂ ಕೇಳಿದ್ದಾಯ್ತು, ಬಸ್ಸಿನವನನ್ನೂ ಕೇಳಿದ್ದಾಯ್ತು."

"ಮತ್ತೆ?"

"ಪಾಲಪ್ಪ ನಿಮಗೆ ಏನು ಹೇಳೋಕೆ ಬಂದಿದ್ದ ಅನ್ನೋದು ನಿಮಗೆ ಗೊತ್ತಾ?"

"ಇಲ್ಲ. ಮನೆಯಲ್ಲಿ ಯಾರೂ ಹೇಳಲಿಲ್ಲ."

ನಾಗಲಿಂಗಯ್ಯ ಹೇಳಿದರು. ಎಂಟು ಜನರ ವಸಡಿನ ಗೆರೆ, ಇಳಿದುಹೋದ ಬಸಿರುಗಳು, ಪೆದ್ದಣ್ಣನ ಕೈ. ಡಾಕ್ಟರ ಮಾತನ್ನೂ ಬಿಡದೆ ಹೇಳಿದರು. ಬಾಗಿಲ ಮರೆಯಲ್ಲಿ ಸೀರೆಯ ಸರಪರ ಸದ್ದಾಯಿತು. ಸಾಹುಕಾರರ ಮೂರನೆಯ ಹೆಂಡತಿ ನರಸಿಂಹಮ್ಮ ಅಲ್ಲಿ ನಿಂತಿದ್ದರು.

ಕೊಲ್ಲಾಪುರಮ್ಮ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟರು. "ಹೆಂಗಸರ ಗೊಡ್ಡುತನಕ್ಕೆ ಗಂಡಸರ ಮ್ಯಾಲೆ ಗೂಬೆ ಕೂರಿಸಾಕೆ ಬಂದ್ರಾ ಸಾಮಿ? ನಮ್ಮ ಭಟ್ಟಿ ಮುಚ್ಚಿಸಾಕೆ ಯಾರು ಏಳಿಕೊಟ್ರು?"

"ಅಮ್ಮ, ನೀನು ಸುಮ್ಮನಿರು," ಎಂದು ವೆಂಕಟರಾಮಯ್ಯ ಜೋರಾಗಿ ನಕ್ಕರು. "ಸಾಹೇಬರೆ, ಆ ಡಾಕ್ಟರು ಪುಸ್ತಕ ಓದಿದ್ದಾರೆ, ಭಟ್ಟಿ ನೋಡಿಲ್ಲ. ಬಣ್ಣ ತಿರುಗೋ ಹದ ಈ ಊರಲ್ಲಿ ನನ್ನೊಬ್ಬನಿಗೇ ಗೊತ್ತು. ಇಪ್ಪತ್ತೆರಡು ವರ್ಷದಿಂದ ದಿನಾ ಆ ಒಲೆ ಮುಂದೆ ನಾನೇ ನಿಂತಿದೀನಿ. ಕೂಲಿಯವರಿಗಿಂತ ಹೆಚ್ಚು ಹೊಗೆ ಕುಡಿದಿದೀನಿ. ಎಲ್ಲಿ, ನನಗೇನಾಗಿದೆ? ನೋಡಿ, ಸಿಂಹದಂಥ ಮಗ!"

ನಗುವಾಗ ಅವರ ಮೇಲುದುಟಿ ಮೇಲಕ್ಕೆ ಸರಿದಿತ್ತು.

ನಾಗಲಿಂಗಯ್ಯನವರ ಕಣ್ಣು ಆ ವಸಡಿನ ಮೇಲೆ ನಿಂತಿತು. ಕಣ್ಣನ್ನು ಬೇರೆ ಕಡೆ ತಿರುಗಿಸಬೇಕೆಂದುಕೊಂಡರು. ತಡವಾಗಿತ್ತು.

"ಏನು ನೋಡ್ತಿದೀರಿ?" ಎಂದರು ವೆಂಕಟರಾಮಯ್ಯ. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ಏನು ಸಾಹೇಬರೆ?"

ವೆಂಕಟರಾಮಯ್ಯನವರ ಬೆರಳು ತಾನಾಗಿಯೇ ವಸಡಿನ ಮೇಲೆ ಹೋಯಿತು. ಗೋಡೆಗೆ ತೂಗುಹಾಕಿದ್ದ ಕನ್ನಡಿಯ ಮುಂದೆ ಹೋಗಿ ನಿಂತರು. ತುಟಿ ಎಳೆದು ನೋಡಿಕೊಂಡರು. ಅಲ್ಲಿಂದ ಕದಲಲಿಲ್ಲ.

"ಎಲ್ಲರಿಗೂ ಹಾಗೇ ಆಗಬೇಕು ಅಂತಿಲ್ಲ," ಎಂದರು ನಾಗಲಿಂಗಯ್ಯ. "ಡಾಕ್ಟರೇ ಹೇಳಿದ್ದಾರೆ. ಗೆರೆ ಇದ್ದೂ ಮಕ್ಕಳಾದವರು ಇರ್ತಾರೆ."

"ಮೊದಲನೆಯವಳನ್ನ ಕೊಳಾಲಕ್ಕೆ ನಾನೇ ಕರೆದುಕೊಂಡು ಹೋಗಿ ಅವರಪ್ಪನ ಜಗಲಿ ಮೇಲೆ ಬಿಟ್ಟುಬಂದೆ." ವೆಂಕಟರಾಮಯ್ಯ ಕನ್ನಡಿಗೇ ಹೇಳುತ್ತಿದ್ದರು. "ಏಳು ವರ್ಷ ಸಂಸಾರ ಮಾಡಿದೋಳು. ಒಂದು ಮಾತೂ ಆಡಲಿಲ್ಲ. ಎರಡನೆಯವಳು ಹಿತ್ತಿಲ ಬಾವಿಗೆ ಬಿದ್ದಳು. ಬಂಜೆ ಅಂತ ಯಾರೋ ಹಬ್ಬದ ದಿನ ಅರಿಶಿನ ಕುಂಕುಮ ಕೊಡಲಿಲ್ಲವಂತೆ. ನಾನು ಅವತ್ತೂ ಭಟ್ಟಿಯಲ್ಲಿದ್ದೆ."

ನಾಗಲಿಂಗಯ್ಯ ಎದ್ದು ಅವರ ಬಳಿ ಹೋದರು. "ಕೂತ್ಕೊಳ್ಳಿ. ನೀರು ಕುಡೀರಿ."

"ಬೇಡ." ಅವರು ತಿರುಗಿದರು. ಮುಖದಲ್ಲಿ ರಕ್ತವಿರಲಿಲ್ಲ. ಮಗುವಿನ ಕಡೆ ಒಂದು ಗಳಿಗೆ ನೋಡಿ, ಆಮೇಲೆ ಒಳಬಾಗಿಲ ಕಡೆ ನೋಡಿದರು. ಅಲ್ಲಿ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಪಾಲಪ್ಪನ ಮಾತು ಊರಲ್ಲಿ ಹಬ್ಬಿದ್ದರೆ ಜನ ಮೊದಲು ಬೆರಳು ತೋರಿಸುತ್ತಿದ್ದದ್ದು ಯಾರ ಕಡೆಗೆ ಎನ್ನುವುದು ಅವರಿಗೂ ಹೊಳೆದಿತ್ತು, ಇನ್ಸ್‌ಪೆಕ್ಟರಿಗೂ ಹೊಳೆದಿತ್ತು.

"ಸಾಹೇಬರೆ, ಕಾಗದ ತೆಗೀರಿ."

"ಯಾಕೆ?"

"ಪಾಲಪ್ಪನಿಗೆ ವಿಷ ಕೊಟ್ಟದ್ದು ನಾನು. ಬರ್ಕೊಳ್ಳಿ. ಅವನ ಹೆಂಡತೀನ ಇವತ್ತೇ ಬಿಟ್ಟುಬಿಡಿ."

"ನೀವು ಊರಲ್ಲೇ ಇರಲಿಲ್ಲ."

"ಬಸ್ಸಿನವನು ಸುಳ್ಳು ಹೇಳಿದ. ಅಕ್ಬರ್ ಸಾಹೇಬರು ನನ್ನ ಸ್ನೇಹಿತರು, ಅವರೂ ಸುಳ್ಳು ಹೇಳಿದ್ರು. ನಾನೇ ಒಪ್ಪಿಕೊಳ್ತಾ ಇದೀನಲ್ಲ, ಇನ್ನೇನು ಬೇಕು? ಭಟ್ಟಿ ಮುಚ್ಚಿ ಹೋಗ್ತದೆ ಅಂತ ಹೆದರಿ ಕೊಂದೆ. ಅಷ್ಟೇ ಬರೀರಿ. ಬೇರೆ ಯಾವ ಕಾರಣವೂ ಕೋರ್ಟಿನಲ್ಲಿ ಬರಬಾರದು. ನನ್ನ ಮಗನ ಹೆಸರು ಯಾರ ಬಾಯಲ್ಲೂ ಬರಬಾರದು."

ನಾಗಲಿಂಗಯ್ಯ ಚೀಲದಿಂದ ಕಾಗದ ತೆಗೆದು ಮಣೆಯ ಮೇಲೆ ಹರಡಿದರು. ಪೆನ್ನಿನ ಮುಚ್ಚಳ ಬಿಚ್ಚಿದರು. ನಾಲ್ಕು ಸಾಲು ಬರೆದು ಸಹಿ ಹಾಕಿಸಿಕೊಂಡರೆ ಸಂಜೆಯೊಳಗೆ ಚಿಕ್ಕಕ್ಕ ಹೊರಗೆ ಬರುತ್ತಾಳೆ. ಊರೆಲ್ಲರ ಮುಂದೆ ತಾವು ಆಡಿದ ಆ ಮಾತನ್ನು ಸ್ವಲ್ಪವಾದರೂ ಒರೆಸಬಹುದು. ಬೇಕಾಗಿದ್ದದ್ದು ಒಂದು ಸುಳ್ಳು, ಅದನ್ನೂ ಎದುರಿನವರೇ ಹೇಳುತ್ತಿದ್ದಾರೆ.

ಪೆನ್ನು ಕಾಗದಕ್ಕೆ ತಾಗಿತು. ಇಪ್ಪತ್ತಾರು ವರ್ಷದ ನೌಕರಿ ಕೈ ತಡೆಯಿತು.

"ವಿಷ ಯಾವುದರಲ್ಲಿ ಬೆರೆಸಿದಿರಿ?"

ವೆಂಕಟರಾಮಯ್ಯ ಕಣ್ಣು ಪಿಳುಕಿಸಿದರು. "ಅಂದ್ರೆ?"

"ಪಾಲಪ್ಪ ಈ ಮನೆಯಲ್ಲಿ ಹೊಟ್ಟೆ ತುಂಬಾ ಏನೋ ತಿಂದು ಹೋಗಿದ್ದ. ಕೊಟ್ಟೋರಿಗೆ ಗೊತ್ತಿರುತ್ತೆ, ಏನು ಕೊಟ್ಟೆ ಅಂತ."

"ಮಜ್ಜಿಗೆ," ಎಂದರು ಸಾಹುಕಾರರು. "ಬಿಸಿಲಲ್ಲಿ ಬಂದಿದ್ದ. ಮಜ್ಜಿಗೇಲಿ ಬೆರೆಸಿ ಕೊಟ್ಟೆ."

"ಮಜ್ಜಿಗೆ ಅಲ್ಲ."

ನರಸಿಂಹಮ್ಮ ಬಾಗಿಲು ದಾಟಿ ಬಂದಿದ್ದರು. ಗಂಡ ಬೇರೆ ಗಂಡಸಿನ ಜೊತೆ ಮಾತಾಡುವಾಗ ಆಕೆ ಪಡಸಾಲೆಗೆ ಕಾಲಿಟ್ಟದ್ದು ಮದುವೆಯಾದ ಮೇಲೆ ಇದೇ ಮೊದಲು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು.

"ಒಳಗೆ ಹೋಗು," ಎಂದರು ವೆಂಕಟರಾಮಯ್ಯ. ಅದು ಬೇಡಿಕೊಳ್ಳುವ ದನಿಯಾಗಿತ್ತು. "ನಿನ್ನ ದಮ್ಮಯ್ಯ, ಒಳಗೆ ಹೋಗು."

"ಹೋಗಲ್ಲ. ಮಾಡದೇ ಇರೋದನ್ನ ನೀವು ಹೊತ್ಕೊಂಡು ಜೈಲಿಗೆ ಹೋದ್ರೆ ಆ ಮಗೂಗೆ ಯಾರು ದಿಕ್ಕು?" ಆಕೆ ಇನ್ಸ್‌ಪೆಕ್ಟರ ಕಡೆ ತಿರುಗಿದರು. "ಸಜ್ಜಿಗೆ, ಸ್ವಾಮಿ. ಬಿಸಿ ಬಿಸಿ ಸಜ್ಜಿಗೆ. ಜಗಲಿ ಮೇಲೆ ಎಲೆ ಹಾಕಿ ಬಡಿಸಿದೋಳು ನಾನೇ. ಪಾಲಪ್ಪ ಇನ್ನಷ್ಟು ಹಾಕಿ ತಾಯಿ ಅಂತ ಕೇಳಿದ, ಇನ್ನಷ್ಟು ಹಾಕಿದೆ. ನನಗೆ ಏನೂ ಗೊತ್ತಿರಲಿಲ್ಲ, ನನ್ನ ಮಗನ ಆಣೆಗೂ ಗೊತ್ತಿರಲಿಲ್ಲ. ಅವನು ಸತ್ತ ಸುದ್ದಿ ಬಂದ ದಿನ ಅನುಮಾನ ಬಂತು. ಬಾಯಿ ಬಿಟ್ಟರೆ ಎಲ್ಲಾರೂ ನನ್ನನ್ನೇ ಕೇಳ್ತಾರೆ, ಏನು ಕೇಳ್ತಾರೆ ಅಂತಲೂ ಗೊತ್ತಿತ್ತು. ಸುಮ್ಮನಾದೆ."

"ಮಾಡಿದವರು ಯಾರಮ್ಮ?"

"ಈ ಮನೆ ಒಲೆ ಮುಂದೆ ನನ್ನನ್ನ ಕೂರಿಸಿಲ್ಲ ಸ್ವಾಮಿ. ಇವತ್ತಿನವರೆಗೂ ಕೂರಿಸಿಲ್ಲ."

ಮೂವರೂ ಒಟ್ಟಿಗೆ ಕಂಬದ ಕಡೆ ತಿರುಗಿದರು.

ಚಾಪೆಯ ಮೇಲೆ ಬಿಡಿಸಿದ ಹುಣಿಸೆಹಣ್ಣು ಹಾಗೇ ಬಿದ್ದಿತ್ತು. ಹಿತ್ತಿಲ ಬಾಗಿಲು ಹಾರು ಹೊಡೆದಿತ್ತು. ಕೊಲ್ಲಾಪುರಮ್ಮ ಅಲ್ಲಿರಲಿಲ್ಲ. ಮಗುವೂ ಇರಲಿಲ್ಲ.